ಮಾವನಿಲ್ಲದವರಿಗೆ ಮಾವನ ಮಾತು

ಪದವಿ ಮುಗಿಸಿ ದುಡಿಮೆಯ ಲೋಕಕ್ಕೆ ಕಾಲಿಡುವ ವಿದ್ಯಾರ್ಥಿಗಳಿಗಿರುವ ಕೊರತೆ ತಿಳಿವಳಿಕೆಯದು ಮತ್ತು ಧೈರ್ಯದ್ದು, ಆದ್ದರಿಂದ ಗೆದ್ದವರ ಮಾತನ್ನು ಧ್ವನಿಮುದ್ರಿಸಿ ಅವರ ಕಿವಿಗೆ ಮುಟ್ಟಿಸಿದರೆ ಮುಕ್ಕಾಲು ಕೆಲಸ ಆದಂತೆಯೇ ಎಂಬ ನಂಬಿಕೆ ಇಂದು ಹೈದರಾಬಾದಿನ ಕಾಲೇಜು ವಲಯದಲ್ಲಿ ಯಾರೂ ಚರ್ಚೆಗೆ ಎತ್ತಿಕೊಳ್ಳದಷ್ಟು ಸಹಜವಾಗಿಬಿಟ್ಟಿದೆ. ಪ್ಲೇಸ್‌ಮೆಂಟ್ ಸೆಲ್, ಅಂದರೆ ಕಂಪನಿಗಳನ್ನು ಕಾಲೇಜಿಗೇ ಕರೆಸಿ ನೇಮಕಾತಿ ನಡೆಸಿಕೊಡುವ ವಿಭಾಗವಾಗಲಿ, ಹಳೆಯ ವಿದ್ಯಾರ್ಥಿಗಳ ಸಂಘವಾಗಲಿ, ಕೋಚಿಂಗ್ ಕೇಂದ್ರವಾಗಲಿ, ಹೊಸ ಪದವೀಧರರಿಗೆ ಏನಾದರೂ ಮಾಡಬೇಕೆಂದು ಹೊರಟಾಗ ಮೊದಲು ಹೊಳೆಯುವುದು ಕೆರಿಯರ್ ಪಾಡ್‌ಕಾಸ್ಟ್, ಎಂದರೆ ಕಂತುಕಂತಾಗಿ ಅಂತರ್ಜಾಲಕ್ಕೆ ಏರಿ, ಕೇಳುಗರು ಬಸ್ಸಿನಲ್ಲೋ ಮೆಟ್ರೋದಲ್ಲೋ ಕುಳಿತು ಬಿಡುವಾದಾಗ ಕೇಳಿಕೊಳ್ಳಬಹುದಾದ ಮಾತಿನ ಕಾರ್ಯಕ್ರಮ. ಎರಡು ಮೈಕು, ಒಂದು ಕೋಣೆ, ಐಟಿ ಕಂಪನಿಗಳ ನೆಲೆಗಳಾದ ಹೈಟೆಕ್ ಸಿಟಿಯಲ್ಲೋ ಗಚ್ಚಿಬೌಲಿಯಲ್ಲೋ ಒಳ್ಳೆಯ ಹುದ್ದೆಯಲ್ಲಿರುವ ಒಬ್ಬ ಅತಿಥಿ ಇದ್ದರೆ ಇದು ಸಿದ್ಧವಾಗುತ್ತದೆ: ಅತಿಥಿ ತಾನು ಮೇಲೆ ಬಂದ ಬಗೆಯನ್ನು ಹೇಳುತ್ತಾನೆ, ನಿರೂಪಕ ತಲೆದೂಗುತ್ತಾನೆ, ಕೊನೆಯಲ್ಲಿ ಫ್ರೆಶರ್‌ಗಳಿಗೆ, ಅಂದರೆ ಅನುಭವವಿಲ್ಲದೆ ಮೊದಲ ಕೆಲಸ ಹುಡುಕುವವರಿಗೆ, ನಾಲ್ಕು ಕಿವಿಮಾತು ಬರುತ್ತದೆ. ಇದನ್ನು ಮಾಡುವವರ ಸದುದ್ದೇಶವನ್ನು ಶಂಕಿಸಬೇಕಾದ ಕಾರಣವಿಲ್ಲ. ಕೊರತೆಯಿರುವುದು ವಿದ್ಯಾರ್ಥಿಯೊಳಗೇ ಎಂಬ ಅವರ ಮೊದಲ ಹೆಜ್ಜೆ ಮಾತ್ರ ತಪ್ಪು, ಮತ್ತು ಆ ಹೆಜ್ಜೆ ತಪ್ಪಾಗಿರುವುದರಿಂದ ಅದರ ಮೇಲೆ ಕಟ್ಟಿದ ಕಾರ್ಯಕ್ರಮ ಎಷ್ಟು ಚೆನ್ನಾಗಿ ಮೂಡಿಬಂದರೂ ಕೇಳುಗರ ದಿಕ್ಕು ತಪ್ಪಿಸುತ್ತದೆ ಎಂಬುದು ಇಲ್ಲಿನ ವಾದ.

ಈ ರೋಗನಿದಾನಕ್ಕೊಂದು ಇತಿಹಾಸವಿದೆ. ಸಾಫ್ಟ್‌ವೇರ್ ಉದ್ಯಮದ ಒಕ್ಕೂಟವಾದ ನಾಸ್ಕಾಂ 2005ರಲ್ಲಿ ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯೊಡನೆ ಹೊರತಂದ ವರದಿ, ಭಾರತದ ತಾಂತ್ರಿಕ ಪದವೀಧರರಲ್ಲಿ ಸುಮಾರು 25% ಮಂದಿಯಷ್ಟೇ ಹೊರದೇಶದ ಗ್ರಾಹಕರಿಗಾಗಿ ನಡೆಯುವ ಕೆಲಸಕ್ಕೆ ತಕ್ಕವರು ಎಂದು ಸಾರಿತು. ಕೂಲಿ ಕೊಡುವವರು ಕೂಲಿ ಬೇಡುವವರ ಬಗ್ಗೆ ಆಡಿದ ಈ ಮಾತು ಮುಂದೆ ಸರ್ಕಾರದ ಮಾತೂ ಆಯಿತು. ತೆಲಂಗಾಣ ರಾಜ್ಯ ಹುಟ್ಟಿದ 2014ರಲ್ಲೇ ಕಾಲೇಜು ವಿದ್ಯಾರ್ಥಿಗಳ ಕೌಶಲ ಹೆಚ್ಚಿಸಲೆಂದು ಟಾಸ್ಕ್ ಎಂಬ ಅಕಾಡೆಮಿಯೂ ಹುಟ್ಟಿತು. ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆ ಯುವಜನರಲ್ಲಿ 51.25% ಮಂದಿಯನ್ನು ಉದ್ಯೋಗಾರ್ಹರೆಂದು ಎಣಿಸಿ, ಹತ್ತು ವರ್ಷಗಳ ಹಿಂದೆ ಈ ಪ್ರಮಾಣ ಸುಮಾರು 34% ಇತ್ತೆಂದು ಸಮಾಧಾನವನ್ನೂ ಹೇಳಿತು. ಹಾಗಾದರೆ ಅರ್ಹತೆ ಏರಿದಂತೆ ಕೆಲಸವೂ ಏರಬೇಕಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿ ಹೇಳುವುದು ಬೇರೆಯದನ್ನು: 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಪ್ರಮಾಣ 29.1%, ಓದುಬರಹ ಬಾರದ ಯುವಜನರದು 3.4%, ನಿರುದ್ಯೋಗಿಗಳಲ್ಲಿ ವಿದ್ಯಾವಂತ ಯುವಜನರ ಪಾಲು 2000ದಲ್ಲಿ 54.2% ಇದ್ದದ್ದು 2022ಕ್ಕೆ 65.7% ಆಯಿತು. ಓದದವರು ಕೆಲಸವಿಲ್ಲದೆ ಕೂರುವಷ್ಟು ಉಳ್ಳವರಲ್ಲ, ಸಿಕ್ಕ ಕೂಲಿಗೆ ಹೋಗುತ್ತಾರೆ, ಆದ್ದರಿಂದ ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ಓದೇ ಕೆಟ್ಟದ್ದು ಎನ್ನುವುದು ಸಲ್ಲದು. ಆದರೂ ಒಂದಂತೂ ಸ್ಪಷ್ಟ: ಪದವಿಗಳು ಹೆಚ್ಚಿದ ವೇಗದಲ್ಲಿ ಪದವಿ ಬೇಡುವ ಕೆಲಸಗಳು ಹೆಚ್ಚಲಿಲ್ಲ. ಅವಿಭಜಿತ ಆಂಧ್ರಪ್ರದೇಶದಲ್ಲಿ 2008ರ ಸುಮಾರಿಗೆ ಬಂದ ಶುಲ್ಕ ಮರುಪಾವತಿ ಯೋಜನೆ, ಅಂದರೆ ಬಡ ವಿದ್ಯಾರ್ಥಿಗಳ ಕಾಲೇಜು ಶುಲ್ಕವನ್ನು ಸರ್ಕಾರವೇ ಭರಿಸುವ ವ್ಯವಸ್ಥೆ, ಸಾವಿರಾರು ಮನೆಗಳ ಮೊದಲ ಎಂಜಿನಿಯರನನ್ನು ರೂಪಿಸಿತು, ಜೊತೆಗೆ ಹೈದರಾಬಾದಿನ ಸುತ್ತ ಎಂಜಿನಿಯರಿಂಗ್ ಕಾಲೇಜುಗಳ ದೊಡ್ಡ ಪೈರನ್ನೇ ಬೆಳೆಸಿತು. ಆ ಸೀಟುಗಳಿಗೆ ಸರಿಸಮನಾಗಿ ಕುರ್ಚಿಗಳನ್ನು ಯಾರೂ ಎಣಿಸಿಡಲಿಲ್ಲ. ಉದ್ಯೋಗಾರ್ಹತೆಯನ್ನು ಅಳೆಯುವ ಸಂಸ್ಥೆಗಳಲ್ಲಿ ಹಲವು ಅಳೆಯುವ ಪರೀಕ್ಷೆಯನ್ನೂ ಮಾರುತ್ತವೆ ಎಂಬುದನ್ನು ಇಲ್ಲಿ ಸೇರಿಸಿದರೆ ಸಾಕು, ಬಿಡಿಸಿ ಹೇಳಬೇಕಿಲ್ಲ.

ಪಾಡ್‌ಕಾಸ್ಟ್‌ನ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತನ್ನು ಮೊದಲು ಎದುರಿಸಬೇಕು. ಉಳ್ಳವರ ಮಕ್ಕಳಿಗೆ ಕಂಪನಿಯಲ್ಲಿ ಒಬ್ಬ ಸೋದರಮಾವನಿರುತ್ತಾನೆ, ಬಯೋಡೇಟಾ ಹೇಗಿರಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾವ ಕೋರ್ಸಿಗೆ ಈಗ ಬೆಲೆಯಿದೆ ಎಂಬುದನ್ನು ಅವನು ಊಟದ ಹೊತ್ತಿನಲ್ಲಿ ಹೇಳಿಬಿಡುತ್ತಾನೆ; ಮನೆತನದಲ್ಲಿ ಮೊದಲ ಬಾರಿಗೆ ಪದವಿ ಕಂಡವರಿಗೆ ಅಂಥ ಮಾವನಿಲ್ಲ, ಪಾಡ್‌ಕಾಸ್ಟ್ ಆ ಮಾವನ ಜಾಗವನ್ನು ತುಂಬುತ್ತದೆ ಎಂಬುದು ಆ ವಾದ. ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ಮಾವ ನಿಜವಾಗಿ ಏನು ಕೊಡುತ್ತಾನೆ ಎಂಬುದನ್ನು ನೋಡಿದರೆ ವಾದ ನಿಲ್ಲುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದ ವೃತ್ತಿನಿರತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರಿಚಯಸ್ಥರ ಮೂಲಕವೇ ಕೆಲಸ ಕಂಡುಕೊಂಡಿದ್ದರು, ಮತ್ತು ಆ ಪರಿಚಯದಿಂದ ಅವರಿಗೆ ಸಿಕ್ಕ ಮುಖ್ಯ ಲಾಭವೆಂದರೆ ಎಲ್ಲಿ ಜಾಗ ಖಾಲಿಯಿದೆ ಎಂಬ ಸುದ್ದಿ ಮತ್ತು ನೇಮಿಸುವವರ ಕಿವಿಯಲ್ಲಿ ಒಂದು ಮಾತು. ಹೈದರಾಬಾದಿನ ಕಂಪನಿಗಳಲ್ಲಿ ಇದಕ್ಕೆ ರೆಫರಲ್ ಎಂಬ ಅಧಿಕೃತ ಹೆಸರೇ ಇದೆ: ಒಳಗಿರುವ ನೌಕರ ತನಗೆ ಗೊತ್ತಿರುವವರ ಹೆಸರನ್ನು ಸೂಚಿಸುತ್ತಾನೆ, ನೇಮಕವಾದರೆ ಅವನಿಗೆ ಬೋನಸ್ಸೂ ಸಿಗುವುದುಂಟು. ಮಾವನ ಬೆಲೆಯಿರುವುದು ಅವನ ಉಪದೇಶದಲ್ಲಲ್ಲ, ಅವನು ಕಳಿಸುವ ಆ ಒಂದು ಇಮೇಲಿನಲ್ಲಿ. ಪಾಡ್‌ಕಾಸ್ಟ್ ಮಾವನ ದನಿಯನ್ನೂ ಆತ್ಮೀಯತೆಯನ್ನೂ ಮಾವನಿಲ್ಲದವರಿಗೆ ಹಂಚಿ, ಇಮೇಲನ್ನು ಮಾವನ ಸ್ವಂತ ಸೋದರಳಿಯನಿಗೇ ಉಳಿಸುತ್ತದೆ. ಇದು ಅಸಮಾನತೆಯನ್ನು ತಗ್ಗಿಸುತ್ತದೆ ಎನ್ನುವವರು, ಕಂತನ್ನು ಕೇಳಿ ಇಯರ್‌ಫೋನ್ ತೆಗೆದ ಮೇಲೆ ಕೇಳುಗರ ಕೈಯಲ್ಲಿ ಹೊಸದಾಗಿ ಏನು ಉಳಿಯಿತು ಎಂಬುದನ್ನು ತೋರಿಸಬೇಕು.

ಇನ್ನು ಅತಿಥಿಯ ಆತ್ಮಕಥೆ. ಅದರಲ್ಲಿ ಛಲವಿರುತ್ತದೆ, ಸೋಲಿರುತ್ತದೆ, ರಾತ್ರಿಯಿಡೀ ಕೋಡ್ ಬರೆದದ್ದಿರುತ್ತದೆ, ಇಲ್ಲದಿರುವುದು ಇಸವಿ. ಭಾರತದ ಅತಿ ದೊಡ್ಡ ಐಟಿ ಕಂಪನಿಯಾದ ಟಿಸಿಎಸ್ 2021-22ರ ಆರ್ಥಿಕ ವರ್ಷದಲ್ಲಿ ಸುಮಾರು 1 ಲಕ್ಷ ಫ್ರೆಶರ್‌ಗಳನ್ನು ತೆಗೆದುಕೊಂಡಿತು. ಅದೇ ಕಂಪನಿಯ ಒಟ್ಟು ನೌಕರರ ಸಂಖ್ಯೆ 2023-24ರಲ್ಲಿ 13,249ರಷ್ಟು ಇಳಿಯಿತು. ಅದೇ ವರ್ಷ ಇನ್ಫೋಸಿಸ್‌ನಲ್ಲಿ ಇಳಿದದ್ದು 25,994. ಈ ಎರಡು ವರ್ಷಗಳ ನಡುವೆ ತೆಲಂಗಾಣದ ವಿದ್ಯಾರ್ಥಿಗಳ ಸಂವಹನ ಕೌಶಲ ಏಕಾಏಕಿ ಕುಸಿದುಬಿದ್ದಿರಲಿಲ್ಲ. ಕೋವಿಡ್ ಕಾಲದಲ್ಲಿ ಉಬ್ಬಿದ್ದ ಬೇಡಿಕೆ ತಗ್ಗಿತ್ತು, ಅಮೆರಿಕದಲ್ಲಿ ಬಡ್ಡಿದರ ಏರಿತ್ತು, ಅಲ್ಲಿನ ಗ್ರಾಹಕರು ಖರ್ಚಿಗೆ ಕಡಿವಾಣ ಹಾಕಿದ್ದರು. 2022ರಲ್ಲಿ ಓದು ಮುಗಿಸಿ ಆಫರ್ ಲೆಟರ್ ಹಿಡಿದ ಅನೇಕರು ಎರಡು ವರ್ಷ ಕಾದ ಮೇಲೆ ಇನ್ಫೋಸಿಸ್‌ನ ಮೈಸೂರು ಆವರಣಕ್ಕೆ ಸೇರಿದರು. ಅಲ್ಲಿ ತರಬೇತಿಗಿದ್ದವರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಆಂತರಿಕ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲವೆಂದು 2025ರ ಫೆಬ್ರುವರಿಯಲ್ಲಿ ಮನೆಗೆ ಕಳಿಸಲಾಯಿತು. ಇಂಥವರ ಪೈಕಿ ಒಬ್ಬರನ್ನು ಅತಿಥಿಯ ಕುರ್ಚಿಯಲ್ಲಿ ಕೂರಿಸಿ ಅವರ ಕಥೆಯಿಂದ ಕಿವಿಮಾತು ಹೆಕ್ಕುವ ಕಾರ್ಯಕ್ರಮ ಸುಲಭಕ್ಕೆ ಕಾಣಸಿಗದು. ಪದವಿ ಪಡೆದ ವರ್ಷವೇ ಬದುಕಿನ ಗಳಿಕೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಲೀಸಾ ಕಾನ್ 2010ರ ಪ್ರಬಂಧದಲ್ಲಿ ಅಮೆರಿಕದ ಪದವೀಧರರನ್ನು ಹಿಂಬಾಲಿಸಿ ತೋರಿಸಿದ್ದಾರೆ. ಕೆಲಸ ಕಡಿಮೆಯಿದ್ದ ವರ್ಷ ಕಾಲೇಜು ಬಿಟ್ಟವರ ಸಂಬಳ ಹದಿನೈದು ವರ್ಷಗಳ ನಂತರವೂ ಹಿಂದೆಯೇ ಉಳಿದಿತ್ತು. ಹೈದರಾಬಾದಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ನಗರದ ಹೆಮ್ಮೆಯಾಗಿದ್ದ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗರಾಜು ಲೆಕ್ಕಪತ್ರಗಳಲ್ಲಿ ಸಾವಿರಾರು ಕೋಟಿ ರೂಪಾಯಿ ಸುಳ್ಳು ತುಂಬಿದ್ದನ್ನು 2009ರ ಜನವರಿ 7ರಂದು ಪತ್ರ ಬರೆದು ಒಪ್ಪಿಕೊಂಡಾಗ, ಅಲ್ಲಿ ದುಡಿಯುತ್ತಿದ್ದ ಹತ್ತಾರು ಸಾವಿರ ಮಂದಿಯ ಕೌಶಲದಲ್ಲಿ ಒಂದೇ ರಾತ್ರಿಯಲ್ಲಿ ಯಾವ ದೋಷವೂ ಹುಟ್ಟಿಕೊಂಡಿರಲಿಲ್ಲ.

ಧ್ವನಿಯ ಮಾಧ್ಯಮ ಈ ದೋಷವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮುದ್ರಿತ ಪುಟದಲ್ಲಿ ತಾರೀಖು ಕಣ್ಣಿಗೆ ಬೀಳುತ್ತದೆ, ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು, ತಪ್ಪಿದ್ದ ಸಾಲಿನ ಕೆಳಗೆ ಗೆರೆ ಎಳೆಯಬಹುದು. ದನಿಗೆ ವಯಸ್ಸಾಗುವುದಿಲ್ಲ, 2021ರ ನೇಮಕಾತಿಯ ಸುಗ್ಗಿಯಲ್ಲಿ ಆಡಿದ ಮಾತು 2025ರ ಬರಗಾಲದಲ್ಲಿ ಅದೇ ಉತ್ಸಾಹದಿಂದ ಕಿವಿಗೆ ಬೀಳುತ್ತದೆ, ಮತ್ತು ಅದು ತಮಗೆ ಅನ್ವಯಿಸದಿದ್ದಾಗ ಕೇಳುಗರು ಅನುಮಾನಿಸುವುದು ಮಾತನ್ನಲ್ಲ, ತಮ್ಮನ್ನೇ.

ಸಲಹೆಗೆ ಬೇಡಿಕೆ ಹೇಗೆ ಹುಟ್ಟುತ್ತದೆ ಮತ್ತು ಅದರ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಲು ಹೈದರಾಬಾದಿನ ಅಮೀರ್‌ಪೇಟೆಗಿಂತ ಒಳ್ಳೆಯ ಜಾಗ ದೇಶದಲ್ಲಿ ಮತ್ತೊಂದಿರಲಾರದು. ಮೈತ್ರಿವನಂ ಕಟ್ಟಡದ ಸುತ್ತಲಿನ ಗಲ್ಲಿಗಳಲ್ಲಿ ಜಾವಾ, ಒರಾಕಲ್, ಟೆಸ್ಟಿಂಗ್, ಈಚೆಗೆ ಕ್ಲೌಡ್ ಮತ್ತು ಡೇಟಾ ಸೈನ್ಸ್ ಎಂದು ಫಲಕ ಬದಲಿಸುತ್ತ ಬಂದ ತರಬೇತಿ ಕೇಂದ್ರಗಳು, ಅವುಗಳ ಮೇಲಿನ ಮಹಡಿಗಳಲ್ಲಿ ಹಾಸ್ಟೆಲ್ಲುಗಳು, ಕೆಳಗೆ ಝೆರಾಕ್ಸ್ ಅಂಗಡಿಗಳು, ಟಿಫಿನ್ ಸೆಂಟರುಗಳು. ಮಾನವಶಾಸ್ತ್ರಜ್ಞ ಷಿಯಾಂಗ್ ಬಿಯಾವೊ 2000ದ ಆಸುಪಾಸಿನಲ್ಲಿ ಹೈದರಾಬಾದ್ ಮತ್ತು ಸಿಡ್ನಿಗಳಲ್ಲಿ ಓಡಾಡಿ ಬರೆದ, 2007ರಲ್ಲಿ ಪ್ರಕಟವಾದ ಪುಸ್ತಕದ ವಿಷಯ ಬಾಡಿ ಶಾಪಿಂಗ್, ಅಂದರೆ ಐಟಿ ಕೆಲಸಗಾರರನ್ನು ದಲ್ಲಾಳಿ ಕಂಪನಿಗಳು ಒಟ್ಟುಗೂಡಿಸಿ, ಬೇಕಾದಾಗ ಬೇಕಾದ ಗ್ರಾಹಕನಿಗೆ ಒದಗಿಸಿ, ಬೇಡವಾದಾಗ ಬೆಂಚಿನಲ್ಲಿ, ಎಂದರೆ ಪ್ರಾಜೆಕ್ಟ್ ಇಲ್ಲದ ಕಾಯುವಿಕೆಯಲ್ಲಿ, ಕೂರಿಸುವ ಪದ್ಧತಿ. ಮಾರುಕಟ್ಟೆಯ ಏರಿಳಿತದ ಹೊರೆ ಈ ಪದ್ಧತಿಯಿಂದ ಕಂಪನಿಗಳ ಹೆಗಲಿನಿಂದ ಇಳಿದು ಕೆಲಸಗಾರರ ಮೇಲೂ, ಅವರ ಹಿಂದಿರುವ ಕುಟುಂಬಗಳ ಜಮೀನು, ವರದಕ್ಷಿಣೆ, ಉಳಿತಾಯಗಳ ಮೇಲೂ ಬೀಳುತ್ತದೆ ಎಂಬುದನ್ನು ಅವರು ವಿವರವಾಗಿ ತೋರಿಸಿದರು. ಕಾಲು ಶತಮಾನ ಕಳೆದರೂ ಚೌಕಟ್ಟು ಅದೇ. ಕಂಪನಿ ತಾನು ಕೊಡಬೇಕಿದ್ದ ತರಬೇತಿಯನ್ನು ಅಭ್ಯರ್ಥಿ ತಾನೇ ಕೊಂಡುಕೊಂಡು ಬರಬೇಕು. ಎಂಟ್ರಿ ಲೆವೆಲ್ ಕೆಲಸಕ್ಕೂ ಎರಡು ವರ್ಷದ ಅನುಭವ ಕೇಳುವುದರಿಂದ ಅನುಭವವೂ ಮಾರಾಟದ ಸರಕಾಗುತ್ತದೆ. ಬ್ಯಾಕ್‌ಡೋರ್ ಜಾಬ್ ಎಂದು ಆ ಗಲ್ಲಿಗಳಲ್ಲೇ ಹೆಸರಾದ ವ್ಯವಹಾರದಲ್ಲಿ ಹಣ ಕೊಟ್ಟರೆ ಇಲ್ಲದ ಕಂಪನಿಯ ಅನುಭವಪತ್ರ ಸಿಗುತ್ತದೆ, ಆಮೇಲೆ ಭವಿಷ್ಯನಿಧಿಯ ಖಾತೆಯಲ್ಲಿ ಆ ಅವಧಿಯ ಜಮೆಯಿಲ್ಲವೆಂಬುದು ಪರಿಶೀಲನೆಯಲ್ಲಿ ಬಯಲಾಗಿ ಸಿಕ್ಕ ಕೆಲಸವೂ ಹೋಗುತ್ತದೆ. ನಿಮ್ಮಲ್ಲಿ ನೀವೇ ಬಂಡವಾಳ ಹೂಡಿಕೊಳ್ಳಿ ಎಂದು ಹುರಿದುಂಬಿಸುವ ಕಂತು ಮುಗಿದೊಡನೆ ತರಬೇತಿ ಕೇಂದ್ರದ ಜಾಹೀರಾತು ಬರುವುದು ಈ ಹಿನ್ನೆಲೆಯಲ್ಲಿ ಆಕಸ್ಮಿಕವಲ್ಲ.

ಹೆಸರಿನ ವಿಷಯವನ್ನಂತೂ ಈ ಕಾರ್ಯಕ್ರಮಗಳು ಮುಟ್ಟುವುದೇ ಇಲ್ಲ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಬಗೆಯ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33 ಆಗಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧಕಾ ಮತ್ತು ಕ್ಯಾಥರೀನ್ ನ್ಯೂಮನ್ ಸಂದರ್ಶಿಸಿದ ಕಂಪನಿಗಳ ನೇಮಕಾತಿ ಅಧಿಕಾರಿಗಳು ತಾವು ಪ್ರತಿಭೆಯನ್ನಷ್ಟೇ ನೋಡುವುದಾಗಿ ಹೇಳುತ್ತಲೇ, ಅಭ್ಯರ್ಥಿಯ ಮನೆತನದ ಹಿನ್ನೆಲೆ ಕೇಳುವುದು ಮುಖ್ಯವೆಂದೂ ಹೇಳಿದ್ದರು. ಹೈದರಾಬಾದಿನ ಹಳೆ ನಗರದ ಮುಸ್ಲಿಂ ಪದವೀಧರೆಗೆ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದನ್ನು ಕಲಿಸಲು ಹೊರಟವರು, ಕರೆಯೇ ಬಾರದಿದ್ದರೆ ಆ ಕಣ್ಣನ್ನು ಎಲ್ಲಿಡಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಸಲಹೆಯಿಂದ ಕೆಲವರಿಗಾದರೂ ಉಪಯೋಗವಾಗುತ್ತದಲ್ಲ ಎಂಬ ಮಾತು ಇಷ್ಟಾದ ಮೇಲೂ ಬರುತ್ತದೆ. ಆಗುತ್ತದೆ, ಆದರೆ ಯಾರ ಪಾಲಿನಿಂದ ಎಂದು ಕೇಳಬೇಕು. ಫ್ರಾನ್ಸಿನಲ್ಲಿ ಬ್ರೂನೊ ಕ್ರೆಪೊನ್, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಆರು ತಿಂಗಳಿಗೂ ಹೆಚ್ಚು ಕಾಲ ಕೆಲಸವಿಲ್ಲದಿದ್ದ ಯುವ ಪದವೀಧರರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬೊಬ್ಬರೂ ಪ್ರತ್ಯೇಕವಾಗಿ ಮಾರ್ಗದರ್ಶನ ಪಡೆದವರು ಬೇಗ ಕೆಲಸ ಕಂಡುಕೊಂಡರು. ಆದರೆ ಅದೇ ಪ್ರದೇಶದಲ್ಲಿ ಮಾರ್ಗದರ್ಶನ ಸಿಗದವರ ಅವಕಾಶ ಒಂದಷ್ಟು ಮಟ್ಟಿಗೆ ಕುಗ್ಗಿತು, ಕೆಲಸದ ಬರವಿದ್ದ ಕಡೆ ಇದು ಇನ್ನೂ ಹೆಚ್ಚು. ಅಂದರೆ ಸರದಿಯಲ್ಲಿ ನಿಂತವರ ಜಾಗ ಅದಲುಬದಲಾಯಿತು, ಸರದಿ ಅಷ್ಟೇನೂ ಮೊಟಕಾಗಲಿಲ್ಲ. ಅದು ಕೂಡ ತಿಂಗಳುಗಟ್ಟಲೆ ಎದುರು ಕೂತು ಕೊಟ್ಟ ಮಾರ್ಗದರ್ಶನ. ಎಲ್ಲರಿಗೂ ಒಂದೇ ಮಾತು ಹೇಳುವ ಧ್ವನಿಮುದ್ರಿಕೆಯಿಂದ ಅಷ್ಟು ಫಲವನ್ನೂ ನಿರೀಕ್ಷಿಸಲಾಗದು.

ವೃತ್ತಿ ಮಾರ್ಗದರ್ಶನವೆಂಬುದು ಹುಟ್ಟಿನಿಂದಲೇ ಹೀಗಿರಲಿಲ್ಲ. ಬಾಸ್ಟನ್ನಿನಲ್ಲಿ 1908ರಲ್ಲಿ ಇಂಥ ಮೊದಲ ಕಚೇರಿಗಳಲ್ಲೊಂದನ್ನು ತೆರೆದ ಫ್ರಾಂಕ್ ಪಾರ್ಸನ್ಸ್, ತನ್ನನ್ನು ತಾನು ಅರಿಯುವುದರ ಜೊತೆಗೆ ಆಯಾ ಕೆಲಸದ ಷರತ್ತು, ಸಂಬಳ, ಅನುಕೂಲ, ಅನನುಕೂಲಗಳ ಖಚಿತ ಮಾಹಿತಿಯನ್ನು ಸಮಸಮವಾಗಿ ಬೇಡಿದ್ದ. ಭಾರತದಲ್ಲಿ ಈ ಎರಡನೆಯದನ್ನು ಸಾರ್ವಜನಿಕ ಹೊಣೆಯೆಂದು ಕಂಡ ಒಂದು ಕಾಲವಿತ್ತು. ಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ 1945ರಲ್ಲಿ ಆರಂಭವಾದ ಉದ್ಯೋಗ ವಿನಿಮಯ ಕಚೇರಿಗಳ ಭವಿಷ್ಯವನ್ನು ಪರಿಶೀಲಿಸಲು 1952ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಮಂಗಳೂರಿನ ಪತ್ರಕರ್ತ, ದಕ್ಷಿಣ ಕನ್ನಡದ ಸಂಸದ ಬೆನಗಲ್ ಶಿವರಾವ್. ಆ ಸಮಿತಿಯ ಶಿಫಾರಸಿನಂತೆ ಕಚೇರಿಗಳ ಆಡಳಿತ 1956ರ ನವೆಂಬರ್ 1ರಂದು ರಾಜ್ಯಗಳ ಕೈಗೆ ಬಂತು. 1959ರ ಕಾಯಿದೆ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಕೂಡ ಖಾಲಿ ಹುದ್ದೆಗಳನ್ನು ಕಚೇರಿಗೆ ತಿಳಿಸಲೇಬೇಕೆಂದು ವಿಧಿಸಿತು. ತಿಳಿಸದಿದ್ದರೆ ಮೊದಲ ತಪ್ಪಿಗೆ ದಂಡ 500 ರೂಪಾಯಿಯವರೆಗೆ, ಮುಂದಿನ ಪ್ರತಿ ತಪ್ಪಿಗೆ 1,000 ರೂಪಾಯಿಯವರೆಗೆ. ಕಚೇರಿಯ ಮೂಲಕವೇ ನೇಮಿಸಬೇಕೆಂಬ ಕಟ್ಟಳೆ ಅದರಲ್ಲಿರಲಿಲ್ಲ, ದಂಡದ ಮೊತ್ತವಂತೂ ದಶಕಗಳುದ್ದಕ್ಕೂ ಹಾಗೇ ಉಳಿಯಿತು. ಮಾವನ ಇಮೇಲಿಗೆ ಪರ್ಯಾಯವಾಗಿ ಎಲ್ಲರಿಗೂ ತೆರೆದ ಒಂದು ಪಟ್ಟಿ ಇರಬೇಕೆಂಬ ಸರಿಯಾದ ಯೋಚನೆಯನ್ನು ಹೀಗೆ ಬಡಕಲು ದಂಡದ ಮೇಲೆ ನಿಲ್ಲಿಸಿ ಕೈಬಿಟ್ಟ ಸಮಾಜ, ಅದರ ಜಾಗದಲ್ಲಿ ಈಗ ಮೈಕು ಹಿಡಿದಿದೆ.

ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್ ದೂರದ ಬೀದರಿನಿಂದ, ಕಲಬುರಗಿ, ರಾಯಚೂರುಗಳಿಂದ ಅಮೀರ್‌ಪೇಟೆಯ ಹಾಸ್ಟೆಲ್ಲುಗಳಿಗೆ ಬರುವ ಕನ್ನಡದ ವಿದ್ಯಾರ್ಥಿಗಳ ಸ್ಥಿತಿಯಲ್ಲಿ ಈ ಖಾಲಿತನ ಇನ್ನೂ ಢಾಳಾಗಿ ಕಾಣುತ್ತದೆ. ಅಲ್ಲಿ ಕೇಳಸಿಗುವ ಮಾತು ಇಂಗ್ಲಿಷಿನಲ್ಲಿ ಅಥವಾ ಇಂಗ್ಲಿಷ್ ಬೆರೆತ ತೆಲುಗಿನಲ್ಲಿರುತ್ತದೆ, ಆದ್ದರಿಂದ ಕನ್ನಡದಲ್ಲೊಂದು ಪಾಡ್‌ಕಾಸ್ಟ್ ಮಾಡಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅದೇ ಕಿವಿಮಾತನ್ನು ಕನ್ನಡದಲ್ಲಿ ಹೇಳಿದರೆ ಅದು ಕನ್ನಡದ ಕಿವಿಮಾತಾಗುತ್ತದೆ, ಅಷ್ಟೇ. ಈ ವಿದ್ಯಾರ್ಥಿಗಳಿಗೆ ತಿಳಿಯಬೇಕಾದದ್ದು ಬೇರೆ: ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಅವರಿಗೆ ಕರ್ನಾಟಕದ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಕೊಡುತ್ತದೆಯೇ ಹೊರತು ಹೈಟೆಕ್ ಸಿಟಿಯ ಖಾಸಗಿ ಕಂಪನಿಗಳಲ್ಲಲ್ಲ, ತೆಲಂಗಾಣಕ್ಕೆ ಅನ್ವಯಿಸುವ 2018ರ ರಾಷ್ಟ್ರಪತಿ ಆದೇಶ ಅಲ್ಲಿನ ಸರ್ಕಾರಿ ನೇರ ನೇಮಕಾತಿಯ 95% ಹುದ್ದೆಗಳನ್ನು ಸ್ಥಳೀಯ ಅಭ್ಯರ್ಥಿಗಳಿಗೆ ಕಾದಿರಿಸುವುದರಿಂದ, ಹೈದರಾಬಾದಿನ ಅಶೋಕನಗರದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ನಡೆಯುವ ಕೋಚಿಂಗಿಗೆ ಹಣ ಸುರಿಯುವ ಮುನ್ನ ತಾವು ಯಾವ ರಾಜ್ಯದ ಲೆಕ್ಕದಲ್ಲಿ ಸ್ಥಳೀಯರು ಎಂಬುದನ್ನು ಅವರು ಖಚಿತಪಡಿಸಿಕೊಳ್ಳಬೇಕು. ಇದನ್ನು ಹೇಳಲು ಯಶಸ್ವಿ ವ್ಯಕ್ತಿ ಬೇಕಿಲ್ಲ, ನಿಯಮ ಬಲ್ಲ ಗುಮಾಸ್ತ ಸಾಕು.

ಪಾಡ್‌ಕಾಸ್ಟ್ ಮಾಡಲೇಬೇಕೆಂದಿದ್ದರೆ ಅತಿಥಿಯ ಕುರ್ಚಿಯಲ್ಲಿ ಇಂಥವರೇ ಕೂರಬೇಕು: ಭವಿಷ್ಯನಿಧಿ ಕಚೇರಿಯ ಸಿಬ್ಬಂದಿ, ಕಾರ್ಮಿಕ ವಕೀಲರು, ತರಬೇತಿಯ ನಡುವೆ ಮನೆಗೆ ಹೋದವರು, ಅರ್ಜಿಗಳನ್ನು ಸೋಸುವ ನೌಕರರು. ಒಂದು ಆಫರ್ ಲೆಟರನ್ನು ಎದುರಿಗಿಟ್ಟು ಅದರ ಕಲಮುಗಳನ್ನು ಒಂದೊಂದಾಗಿ ಓದುವುದೇ ಒಂದು ಕಂತಾಗಬಹುದು. ಸಿಟಿಸಿ ಎಂದು ಬರೆದ ವಾರ್ಷಿಕ ಮೊತ್ತದಲ್ಲಿ ಕಂಪನಿಯ ಭವಿಷ್ಯನಿಧಿ ಪಾಲು, ಗ್ರಾಚ್ಯುಟಿ, ಸಿಗಲೂಬಹುದಾದ ಸಿಗದಿರಲೂಬಹುದಾದ ವೇರಿಯಬಲ್ ಪೇ ಸೇರಿರುವುದರಿಂದ ಕೈಗೆ ಬರುವುದು ಎಷ್ಟು ಎಂಬ ಲೆಕ್ಕ ಅಲ್ಲಿ ಬರಬೇಕು. ಬಾಂಡ್, ಅಂದರೆ ಇಂತಿಷ್ಟು ವರ್ಷ ಬಿಡದೆ ದುಡಿಯುತ್ತೇನೆ, ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಒಪ್ಪಂದದ ಬಗ್ಗೆ ವಿದ್ಯಾರ್ಥಿಗಳಲ್ಲಿ ಅದು ಕಾನೂನಿನಲ್ಲಿ ನಿಲ್ಲುವುದೇ ಇಲ್ಲವೆಂಬ ಧೈರ್ಯದ ಮಾತು ಹರಿದಾಡುತ್ತದೆ. ಆದರೆ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷದ ಷರತ್ತನ್ನು ಮುರಿದು ಕಟ್ಟಿದ 2 ಲಕ್ಷ ರೂಪಾಯಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಬ್ಯಾಂಕಿನ ಪರವಾಗಿ ತೀರ್ಪಿತ್ತಿತು. ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ಖರ್ಚನ್ನು ಅದು ಕಾರಣವಾಗಿ ಕಂಡದ್ದರಿಂದ, ಖಾಸಗಿ ಕಂಪನಿಯ ಬಾಂಡಿಗೆ ಆ ತೀರ್ಪು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಚರ್ಚೆಯ ವಿಷಯ. ಆ ಚರ್ಚೆಯನ್ನು ಮೊದಲ ಸಹಿ ಹಾಕಲಿರುವವರು ಕೇಳಬೇಕು.

ಇಂಥ ಕಂತುಗಳನ್ನು ಕಾಲೇಜುಗಳು ಮುಂದೆ ನಿಂತು ಮಾಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಅವುಗಳ ಪ್ರವೇಶಾತಿಯ ಜಾಹೀರಾತುಗಳಲ್ಲೇ ಇದೆ. ಪ್ಲೇಸ್‌ಮೆಂಟ್ ಸಂಖ್ಯೆಯ ಮೇಲೆ ಸೀಟು ತುಂಬುತ್ತದೆ. ಆ ಸಂಖ್ಯೆಯಲ್ಲಿ ಆಫರ್ ಲೆಟರುಗಳನ್ನು ಎಣಿಸಲಾಗುತ್ತದೆಯೇ ಹೊರತು ಕೆಲಸಕ್ಕೆ ಸೇರಿದವರನ್ನಲ್ಲ, ಒಬ್ಬರಿಗೆ ಮೂರು ಪತ್ರ ಬಂದರೆ ಮೂರೂ ಲೆಕ್ಕಕ್ಕೆ ಬರುವುದುಂಟು, ಎರಡು ವರ್ಷ ಕಾದು ಹಿಂತಿರುಗಿದವರು ಯಾವ ಕಾಲಮಿನಲ್ಲೂ ಇರುವುದಿಲ್ಲ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಲು ಹೊರಟ ಯಾವುದೇ ಕಾಲೇಜಿನ ಪಾಡ್‌ಕಾಸ್ಟ್, ಕಳೆದ ಮೂರು ವರ್ಷಗಳಲ್ಲಿ ಆಫರ್ ಪಡೆದವರೆಷ್ಟು, ಅವರಲ್ಲಿ ಸೇರಿದವರೆಷ್ಟು, ಮೊದಲ ತಿಂಗಳು ಕೈಗೆ ಬಂದ ಸಂಬಳವೆಷ್ಟು, ವರ್ಷದ ಕೊನೆಗೆ ಉಳಿದವರೆಷ್ಟು ಎಂಬ ನಾಲ್ಕು ಅಂಕಿಗಳನ್ನು ತನ್ನ ಮೊದಲ ಕಂತಿನಲ್ಲಿ ಓದಿ ಹೇಳಲಿ. ಆಮೇಲೆ ಬೇಕಾದರೆ ಅತಿಥಿಯನ್ನು ಕರೆಯಲಿ.